ಮಳೆಗಾಲಕ್ಕೆ ಮುಂಚೆ ಒಂದು ಕೆಲಸ: ಇನ್ನೊಬ್ರಿಗೆ ಸಿನಿಮಾ ಹೇಳೋದು ಹೇಗೆ

ಜೂನ್ ಬಂತು ಅಂದ್ರೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ, "ಯಾವ್ದಾದ್ರೂ ಒಳ್ಳೆ ಸಿನಿಮಾ ಇದ್ರೆ ಹೇಳಿ". ತೋಟಕ್ಕೆ ಇಳಿದ್ರೆ ಜಿಗಣೆ, ಅಂಗಳಕ್ಕೆ ಇಳಿದ್ರೆ ಪಾಚಿ, ಸಂಜೆ ಆರಕ್ಕೇ ಕತ್ತಲು, ಇನ್ನೇನು ಮಾಡ್ತಾರೆ ಪಾಪ. ಐದು ನಿಮಿಷದಲ್ಲಿ ನಲವತ್ತು ಹೆಸರು ಬಂದು ಬೀಳುತ್ತೆ, ವಾರ ಬಿಟ್ಟು ಕೇಳಿದ್ರೆ ಒಬ್ರೂ ಒಂದೂ ನೋಡಿರಲ್ಲ, ಎಲ್ರೂ ಮತ್ತೆ ಅದೇ ನ್ಯೂಸ್ ಚಾನೆಲ್ಲು ಅದೇ ಸೀರಿಯಲ್ಲು. ನಾನು ಕೊಡಗಿನ ಸುಂಟಿಕೊಪ್ಪದ ಹತ್ರ ಸ್ವಲ್ಪ ಕಾಫಿ ತೋಟ ಇಟ್ಕೊಂಡಿರೋನು, ಸಿನಿಮಾ ಪಂಡಿತ ಏನಲ್ಲ, ಆದ್ರೆ ಹತ್ತು ಹನ್ನೆರಡು ವರ್ಷದಿಂದ ನೆಂಟ್ರಿಗೆ, ಫ್ರೆಂಡ್ಸಿಗೆ, ತೋಟಕ್ಕೆ ಬರೋರಿಗೆ ಸಿನಿಮಾ ಹೇಳ್ತಾ ಬಂದಿದೀನಿ, ಬೈಸ್ಕೊಂಡೂ ಇದೀನಿ, ಅದ್ರಿಂದ ಕಲ್ತಿದ್ದನ್ನ ಒಂದೊಂದಾಗಿ ಬರೀತೀನಿ. ಎಲ್ಲದಕ್ಕೂ ಮೂಲ ಒಂದೇ ವಿಷಯ, ಒಬ್ಬರಿಗೆ ಒಂದು ಸಲಕ್ಕೆ ಒಂದೇ ಸಿನಿಮಾ, ಅದೂ ಆ ಮನುಷ್ಯನ್ನ ನೋಡಿ.

ಮೊದ್ಲು ನಿಮ್ಮ ಪಟ್ಟಿನ ಸೋಸಿ

ಒಂದು ಹಳೆ ನೋಟ್‌ಬುಕ್ ತಗೊಳ್ಳಿ, ಫೋನಲ್ಲಿ ಬರ್ಕೊಂಡ್ರೂ ಆಗುತ್ತೆ, ಆದ್ರೆ ನಂದು ಎರಡು ಸಲ ಫೋನ್ ನೀರಿಗೆ ಬಿದ್ದು ಪಟ್ಟಿ ಹೋಯ್ತು, ಅದಕ್ಕೇ ಈಗ ಕಾಫಿ ಲೆಕ್ಕದ ಪುಸ್ತಕದ ಹಿಂದಿನ ಪೇಜಲ್ಲೇ ಬರೆಯೋದು. ಅದ್ರಲ್ಲಿ ಎರಡು ಕಾಲಂ ಮಾಡಿ. ಒಂದು ನಿಮ್ಮ ಫೇವರಿಟ್ಟು, ಇನ್ನೊಂದು ಜನ ನೋಡ್ಬೇಕಾಗಿತ್ತು ಆದ್ರೆ ನೋಡ್ಲಿಲ್ಲ ಅನ್ನೋವು. ಇವೆರಡನ್ನ ಬೆರೆಸ್ಬೇಡಿ.

ಯಾಕಂದ್ರೆ ಫೇವರಿಟ್ ಅನ್ನೋದ್ರಲ್ಲಿ ಸಿನಿಮಾ ಅರ್ಧ, ನಮ್ಮ ಕಥೆ ಅರ್ಧ ಇರುತ್ತೆ. ನಂಗೆ 2006ರ ಮುಂಗಾರು ಮಳೆ ಅಂದ್ರೆ ಪ್ರಾಣ. ಅದು ಬಂದಾಗ ನಾವು ನಾಲ್ಕು ಜನ ಕ್ಲಾಸ್ ಬಂಕ್ ಮಾಡಿ ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ಬಸ್ಸಲ್ಲಿ ಹೋಗಿ ನೋಡಿ, ವಾಪಸ್ ಬರ್ತಾ ಬಸ್ ಕೆಟ್ಟು ರಾತ್ರಿ ರೋಡಲ್ಲಿ ಕೂತು ಹಾಡು ಹೇಳಿದ್ವಿ. ನಾನು ನನ್ನ ಅಕ್ಕನ ಮಗನಿಗೆ ಈ ಸಿನಿಮಾ ಹೇಳಿದ್ರೆ ಅವ್ನಿಗೆ ಆ ಬಸ್ಸು ಸಿಗಲ್ಲ, ಬರೀ ಸಿನಿಮಾ ಸಿಗುತ್ತೆ, "ಹೀರೋ ಯಾಕೆ ಇಷ್ಟು ಮಾತಾಡ್ತಾನೆ ಮಾಮ" ಅಂತ ಕೇಳ್ತಾನೆ. ಹಂಗಂತ ಫೇವರಿಟ್ ಹೇಳ್ಲೇಬಾರ್ದು ಅಂತಲ್ಲ, ಹೇಳುವಾಗ ಬಸ್ಸಿನ ಕಥೆನೂ ಸೇರಿಸಿ ಹೇಳಿ, ಆಗ ಕೇಳೋನಿಗೆ ಲೆಕ್ಕ ಗೊತ್ತಾಗುತ್ತೆ.

ಇನ್ನು ಅಂಡರ್‌ರೇಟೆಡ್. ಈ ಪದ ಈಗ ತುಂಬಾ ಸಸ್ತಾ ಆಗಿದೆ, ನೂರು ದಿನ ಓಡಿದ ಸಿನಿಮಾಗೂ ಅಂಡರ್‌ರೇಟೆಡ್ ಅಂತಾರೆ. ನಾನು ಬರ್ಕೊಳ್ಳೋವಾಗ ಯಾಕೆ ಜನಕ್ಕೆ ತಲುಪ್ಲಿಲ್ಲ ಅಂತ ಪಕ್ಕದಲ್ಲೇ ಒಂದು ಕಾರಣ ಬರೀತೀನಿ. ಕೆಲವು ಥಿಯೇಟರಲ್ಲಿ ಓಡ್ಲಿಲ್ಲ, ಆಮೇಲೆ ನಿಧಾನಕ್ಕೆ ಜನ ಹುಡ್ಕೊಂಡು ನೋಡಿದ್ರು, ರಕ್ಷಿತ್ ಶೆಟ್ಟಿ ಮೊದಲು ಡೈರೆಕ್ಟ್ ಮಾಡಿದ 2014ರ ಉಳಿದವರು ಕಂಡಂತೆ ಆ ಥರದ್ದು. ಕೆಲವಕ್ಕೆ ದೊಡ್ಡ ಪ್ರಶಸ್ತಿ ಬಂದು, ಪ್ರಶಸ್ತಿ ಬಂತು ಅನ್ನೋ ಕಾರಣಕ್ಕೇ ಜನ ದೂರ ಹೋದ್ರು. ತೇಜಸ್ವಿ ಕಥೆ ಇಟ್ಕೊಂಡು ಗಿರೀಶ್ ಕಾಸರವಳ್ಳಿ ಮಾಡಿದ ತಬರನ ಕಥೆಗೆ ಸ್ವರ್ಣ ಕಮಲ ಬಂತು, ಚಾರುಹಾಸನ್‌ಗೆ ಬೆಸ್ಟ್ ಆಕ್ಟರ್ ಬಂತು, ಆದ್ರೆ ನಮ್ಮೂರಲ್ಲಿ ನೋಡಿದೋರನ್ನ ಬೆರಳಲ್ಲಿ ಎಣಿಸ್ಬೋದು, "ಅಯ್ಯೋ ಆರ್ಟ್ ಫಿಲಂ" ಅಂದ್ಬಿಡ್ತಾರೆ. ಪೆನ್ಶನ್ನಿಗೆ ಆಫೀಸು ಅಲೆದಿರೋ ಯಾವ ಮನುಷ್ಯನಿಗಾದ್ರೂ ಅದು ಆರ್ಟ್ ಫಿಲಂ ಥರ ಕಾಣೋದೇ ಇಲ್ಲ. ಇನ್ನು ಕೆಲವು ದೊಡ್ಡ ಹೀರೋ ನೆರಳಲ್ಲೇ ಕಳೆದು ಹೋದವು, ಶಂಕರ್‌ನಾಗ್ ಡೈರೆಕ್ಷನ್ನು ಡಾ. ರಾಜ್‌ಕುಮಾರ್ ಆಕ್ಟಿಂಗು ಅಂದ್ರೂ ಒಂದು ಮುತ್ತಿನ ಕಥೆ ನೋಡಿರೋರು ಕಮ್ಮಿ. ಹಾಡು ಗೊತ್ತು ಸಿನಿಮಾ ಗೊತ್ತಿಲ್ಲ ಅನ್ನೋದು ಇನ್ನೊಂದು ಜಾತಿ, ಅದನ್ನ ಮುಂದೆ ಹೇಳ್ತೀನಿ.

ಇನ್ನೊಂದ್ಸಲ ನೋಡ್ದೆ ಹೇಳ್ಬೇಡಿ

ಪೂರ್ತಿ ಬೇಡ, ಮೊದಲ ಅರ್ಧ ಗಂಟೆ ಸಾಕು. ಕಾಲೇಜಲ್ಲಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ದ ಒಂದು ಕಾಮಿಡಿ ಸಿನಿಮಾನ, ಹೆಸರು ಬೇಡ, ಮಗಳ ಜೊತೆ ಕೂತು ಹಾಕಿದೆ. ಹತ್ತು ನಿಮಿಷಕ್ಕೊಂದು ಸಲ ದಪ್ಪ ಇರೋರ ಮೇಲೆ, ಕಪ್ಪು ಇರೋರ ಮೇಲೆ ಜೋಕು. ಅವ್ಳು ನಗ್ಲಿಲ್ಲ, ನನ್ನ ಮುಖ ನೋಡ್ತಾ ಇದ್ಲು. ರಿಮೋಟ್ ಸಿಗ್ತಿಲ್ಲ ಅನ್ನೋ ಹಾಗೆ ನಾಟಕ ಆಡಿ ಎದ್ದು ಹೋಗಿ ಟಿವಿ ಸ್ವಿಚ್ಚೇ ಆಫ್ ಮಾಡಿದೆ. ನೆನಪಲ್ಲಿರೋ ಸಿನಿಮಾನೇ ಬೇರೆ, ಇವತ್ತು ಸ್ಕ್ರೀನಲ್ಲಿ ಓಡೋ ಸಿನಿಮಾನೇ ಬೇರೆ.

ಕೇಳಿದೋರಿಗೇ ವಾಪಸ್ ಮೂರು ಪ್ರಶ್ನೆ ಕೇಳಿ

"ನಿಮಗೆ ಎಂಥ ಸಿನಿಮಾ ಇಷ್ಟ" ಅಂತ ಮಾತ್ರ ಕೇಳ್ಬೇಡಿ, ಆ ಪ್ರಶ್ನೆಗೆ ಯಾರೂ ನಿಜ ಹೇಳಲ್ಲ, ಎಲ್ರೂ ಸಂದೇಶ ಇರೋ ಸಿನಿಮಾ ಇಷ್ಟ ಅಂತಾರೆ. ಬದಲಿಗೆ, ಕೊನೆಗೆ ನಿದ್ದೆ ಮಾಡ್ದೆ ಪೂರ್ತಿ ನೋಡಿದ ಸಿನಿಮಾ ಯಾವ್ದು ಅಂತ ಕೇಳಿ. ಯಾರ್ ಜೊತೆ ಕೂತು ನೋಡ್ತೀರ ಅಂತ ಕೇಳಿ. ಫೋನಲ್ಲಾ ಟಿವಿಲಾ, ಎಷ್ಟೊತ್ತಿಗೆ ಅಂತ ಕೇಳಿ. ಭಾವ ಒಬ್ರು ನಂಗೆ "ದೃಶ್ಯ" ಅಂದ್ರು, "ಮನೆ ಎಲ್ರೂ" ಅಂದ್ರು, "ಊಟ ಆದ್ಮೇಲೆ ಟಿವಿಲಿ" ಅಂದ್ರು, ಅಷ್ಟರಲ್ಲೇ ಅರ್ಧ ಕೆಲಸ ಮುಗೀತು. ಅಂಥವ್ರಿಗೆ ಉಳಿದವರು ಕಂಡಂತೆ ಕೊಟ್ರೆ ಒಂದೇ ಘಟನೆನ ಒಬ್ಬೊಬ್ಬರ ಕಣ್ಣಲ್ಲಿ ತಿರುಗಿ ತಿರುಗಿ ತೋರಿಸೋ ಹೊತ್ತಿಗೆ ಅರ್ಧ ಮನೆ ಗೊರಕೆ ಹೊಡೀತಿರುತ್ತೆ. ಹೇಮಂತ್ ರಾವ್ ಮಾಡಿದ ಕವಲುದಾರಿ ಕೊಟ್ಟೆ, 2019ದ್ದು, ಅನಂತ್‌ನಾಗ್ ಇದಾರೆ, ಹಳೇ ಕೇಸಿನ ತನಿಖೆ. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಭಾವನ ಫೋನು.

ಮೂರು ಪ್ರಶ್ನೆ ಕೇಳಿದ್ಮೇಲೆ ಬಾಯಿ ಬಿಟ್ಟು ಕೇಳೋಕಾಗದ ಇನ್ನೊಂದಿದೆ, ಆ ಮನೇಲಿ ಈಗ ಏನು ನಡೀತಿದೆ ಅನ್ನೋದು. ಇದನ್ನ ನಾನು ಹೆಂಗೆ ಕಲ್ತೆ ಅಂದ್ರೆ ಈಗ್ಲೂ ಹೇಳೋಕೆ ನಾಚಿಕೆ. ಸಂತೆಲಿ ಸಿಕ್ಕಿದ ಹಳೆ ಫ್ರೆಂಡಿಗೆ, ಎಷ್ಟೋ ತಿಂಗಳಾದ್ಮೇಲೆ ಸಿಕ್ಕಿದ್ದ, ಉತ್ಸಾಹದಲ್ಲಿ "ತಿಥಿ ನೋಡಿದ್ಯಾ, ಬಿದ್ದು ಬಿದ್ದು ನಗ್ತೀಯ" ಅಂದೆ. ನೂರಾ ಒಂದು ವರ್ಷದ ಸೆಂಚುರಿ ಗೌಡ ಸತ್ತು ಹನ್ನೊಂದನೇ ದಿನದ ತನಕ ಆ ಮನೇಲಿ ಏನೇನಾಗುತ್ತೆ ಅನ್ನೋದೇ ಆ ಸಿನಿಮಾ, ಮಂಡ್ಯ ಕಡೆ ಹಳ್ಳಿ ಜನಾನೇ ಆಕ್ಟ್ ಮಾಡಿರೋದು, ಲೊಕಾರ್ನೊ ಫಿಲಂ ಫೆಸ್ಟಿವಲಲ್ಲಿ ಪ್ರಶಸ್ತಿ ಬಂದಿದ್ದು, ಎಲ್ಲ ಒಂದೇ ಉಸಿರಲ್ಲಿ ಒದರಿದೆ. ಅವ್ನು ಸುಮ್ಮನೆ ನಿಂತಿದ್ದ. ಆಮೇಲೆ ಮೆಲ್ಲಗೆ "ಅಪ್ಪ ಹೋಗಿ ಇವತ್ತಿಗೆ ಇಪ್ಪತ್ತು ದಿನ" ಅಂದ. ಕೈಲಿದ್ದ ಚೀಲ ಎಲ್ಲಿಡ್ಬೇಕು ಅಂತ ಗೊತ್ತಾಗ್ಲಿಲ್ಲ ನಂಗೆ. ಸಿನಿಮಾ ತಪ್ಪಲ್ಲ, ನನ್ನ ಸಮಯ ತಪ್ಪು. ಎರಡು ವರ್ಷ ಆದ್ಮೇಲೆ ಅವ್ನೇ ನೋಡಿ ಫೋನ್ ಮಾಡಿ ಅದ್ರಲ್ಲಿ ಬರೋ ಸೆಂಚುರಿ ಗೌಡನ ಮಗ ಗಡ್ಡಪ್ಪನ ಬಗ್ಗೆ ಅರ್ಧ ಗಂಟೆ ಮಾತಾಡಿದ, ಅದು ಬೇರೆ ವಿಷಯ.

ಚೀಟಿ ಬರೀರಿ

ಬರೀ ಹೆಸರು ಕಳಿಸಿದ್ರೆ ಆ ಮೆಸೇಜ್ ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಮುಚ್ಚಿ ಹೋಗುತ್ತೆ. ನಾನು ಮೂರು ಸಾಲಿನ ಚೀಟಿ ಅಂತ ಮಾಡ್ಕೊಂಡಿದೀನಿ. ಮೊದಲ ಸಾಲಲ್ಲಿ ಹೆಸರು, ವರ್ಷ, ಭಾಷೆ, ಡೈರೆಕ್ಟರ್ ಅಥವಾ ಮುಖ್ಯ ಆಕ್ಟರ್, ಎಷ್ಟು ಹೊತ್ತು. ಎರಡನೇ ಸಾಲಲ್ಲಿ ಶುರು ಹೆಂಗಾಗುತ್ತೆ, ಮತ್ತೆ ಇದನ್ನ ನಿಂಗೇ ಯಾಕೆ ಹೇಳ್ತಿದೀನಿ. ಮೂರನೇ ಸಾಲು ಎಚ್ಚರಿಕೆ. ಅಷ್ಟೇ.

ವರ್ಷ ಯಾಕೆ ಅಂತ ಕೇಳ್ತೀರಾ? ಕಸಿನ್ ಒಬ್ಳಿಗೆ "ಪುಷ್ಪಕ ವಿಮಾನ ನೋಡು, ನಕ್ಕು ನಕ್ಕು ಸಾಯ್ತೀಯ" ಅಂತ ಕಳಿಸಿದ್ದೆ. ರಾತ್ರಿ ಹನ್ನೊಂದೂವರೆಗೆ ವಾಯ್ಸ್ ಮೆಸೇಜ್, ಅಳ್ತಾ ಇದಾಳೆ! "ನಗು ಅಂದ್ಯಲ್ಲೋ, ಅಪ್ಪ ಮಗಳನ್ನ ಹಿಂಗ್ ಮಾಡೋದಾ" ಅಂತ. ಆಮೇಲೆ ಗೊತ್ತಾಯ್ತು, ಅವ್ಳು ನೋಡಿದ್ದು 2017ರ ಪುಷ್ಪಕ ವಿಮಾನ, ರಮೇಶ್ ಅರವಿಂದ್ ಆಕ್ಟ್ ಮಾಡಿರೋ ಅಪ್ಪ ಮಗಳ ಜೈಲಿನ ಕಥೆ. ನಾನು ಹೇಳಿದ್ದು 1987ರದ್ದು, ಸಿಂಗೀತಂ ಶ್ರೀನಿವಾಸ ರಾವ್ ಮಾಡಿರೋದು, ಕಮಲ್ ಹಾಸನ್ ಇರೋದು. ಆಕ್ಸಿಡೆಂಟ್ ಅನ್ನೋ ಹೆಸರಲ್ಲೂ ಹಂಗೇ ಎರಡಿದೆ, ಶಂಕರ್‌ನಾಗ್ ಮಾಡಿದ್ದು 1985ರಲ್ಲಿ, ರಮೇಶ್ ಅರವಿಂದ್ ಮಾಡಿದ್ದು 2008ರಲ್ಲಿ. ಇದ್ರಲ್ಲೂ ರಮೇಶ್ ಅರವಿಂದೇ ಇದಾರೆ ನೋಡಿ, ನಂಗೂ ಅವ್ರಿಗೂ ಏನೋ ಋಣಾನುಬಂಧ.

ಒಂದು ಚೀಟಿ ಪೂರ್ತಿ ತೋರಿಸ್ತೀನಿ, ಇದು ನಮ್ಮ ಪಕ್ಕದ ತೋಟದ ಹುಡುಗನಿಗೆ ಕಳಿಸಿದ್ದು, ಅವ್ನು ಸಣ್ಣ ಜಗಳಕ್ಕೆ ವರ್ಷಗಟ್ಟಲೆ ಮಾತು ಬಿಡೋ ಪೈಕಿ:

"ಮಹೇಷಿಂಟೆ ಪ್ರತೀಕಾರಂ, 2016, ಮಲಯಾಳಂ, ಫಹಾದ್ ಫಾಸಿಲ್, ಸುಮಾರು ಎರಡು ಗಂಟೆ. ಇಡುಕ್ಕಿ ಗುಡ್ಡದೂರಲ್ಲಿ ಸ್ಟುಡಿಯೋ ಇಟ್ಟಿರೋ ಒಬ್ಬ ಫೋಟೋಗ್ರಾಫರ್ ಪೇಟೆ ನಡುವೆ ಹೊಡೆತ ತಿಂತಾನೆ, ತಿರುಗಿ ಹೊಡೆಯೋ ತನಕ ಕಾಲಿಗೆ ಚಪ್ಪಲಿ ಹಾಕಲ್ಲ ಅಂತಾನೆ, ಅವ್ನು ನಿನ್ ಥರಾನೇ. ಮೊದಲ ಅರ್ಧ ಗಂಟೆ ಏನೂ ಆಗ್ತಿಲ್ಲ ಅನ್ಸುತ್ತೆ, ಆಗ್ತಾ ಇರುತ್ತೆ, ಬಿಡ್ಬೇಡ."

ಅವ್ನು ನೋಡ್ದ. ಜಗಳ ಆಡಿದೋನ ಜೊತೆ ಮಾತು ಶುರು ಮಾಡಿದ್ನಾ ಅಂದ್ರೆ ಇಲ್ಲ. ಮಳೆಗಾಲದಲ್ಲಿ ಚಪ್ಪಲಿ ಇಲ್ದೆ ಹೆಂಗೋ ತಿರುಗಾಡ್ತಾನೆ, ಜಿಗಣೆ ಹತ್ತಲ್ವಾ ಅಂತ ಕೇಳಿದ.

ಎಚ್ಚರಿಕೆ ಸಾಲನ್ನ ಮಾತ್ರ ಬಿಡ್ಲೇಬೇಡಿ. ನಮ್ಮ ಕಡೆ "ಕೊಡಗಿನ ಕಾವೇರಿ" ಹಾಡು ಗೊತ್ತಿಲ್ದೇ ಇರೋರು ಇಲ್ಲ, ಮದುವೆ ವಿಡಿಯೋಗೆಲ್ಲಾ ಹಾಕ್ತಾರೆ, ಆದ್ರೆ ಅದು ಇರೋ ಶರಪಂಜರ ನೋಡಿರೋ ನನ್ನ ವಯಸ್ಸಿನೋರು ಸಿಗೋದೇ ಕಷ್ಟ. ತ್ರಿವೇಣಿ ಕಾದಂಬರಿ, ಪುಟ್ಟಣ್ಣ ಕಣಗಾಲ್ ಸಿನಿಮಾ, 1971. ಹಾಡಿನ ಚಂದ ನೋಡಿ ಲವ್ ಸ್ಟೋರಿ ಅನ್ಕೊಂಡು ಕೂತ್ರೆ ಅಲ್ಲಿರೋದು ಬಾಣಂತನದ ಹೊತ್ತಲ್ಲಿ ಮನಸ್ಸಿನ ಕಾಯಿಲೆಗೆ ಬಿದ್ದ ಹೆಂಗಸಿನ ಕಥೆ, ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ ಮನೆಯವ್ರೂ ಊರವ್ರೂ ಅವಳನ್ನ ನೋಡೋ ರೀತಿ. ಕಲ್ಪನಾ ಆಕ್ಟಿಂಗಿಗೆ ನಾನು ಕೈ ಮುಗೀತೀನಿ, ಆದ್ರೆ ಈಗಷ್ಟೇ ಹೆರಿಗೆ ಆಗಿರೋ ಮನೆಗೆ ಈ ಸಿನಿಮಾ ಹೇಳಲ್ಲ. ಮಿಕ್ಕೋರಿಗೆ ಹೇಳುವಾಗ್ಲೂ "ಹಾಡು ನಂಬ್ಕೊಂಡು ಹೋಗ್ಬೇಡಿ" ಅಂತ ಬರೀತೀನಿ. ಮಕ್ಕಳಿರೋ ಮನೆ ಆದ್ರೆ ಸೆನ್ಸಾರ್ ಸರ್ಟಿಫಿಕೇಟ್ ನೋಡಿ ಹೇಳಿ, ಹೊಸ ಸಿನಿಮಾಗಳಿಗೆ ಈಗ ಯುಎ 7, 13, 16 ಅಂತ ವಯಸ್ಸಿನ ಪ್ರಕಾರ ಬೇರೆ ಬೇರೆ ಇದೆ, ಹಳೇವಕ್ಕೆ ಬರೀ ಯುಎ ಅಂತಿರುತ್ತೆ, ಅವನ್ನ ನೀವೇ ನೋಡಿ ಹೇಳ್ಬೇಕು.

ಕಥೆ ಎಲ್ಲಿ ತನಕ ಹೇಳ್ಬೋದು

ಮೊದಲ ಹದಿನೈದು ನಿಮಿಷದಲ್ಲಿ ಏನಾಗುತ್ತೋ ಅಷ್ಟು. ರಾಮಾ ರಾಮಾ ರೇ ಅಂದ್ರೆ ಗಲ್ಲು ಶಿಕ್ಷೆ ಆದ ಕೈದಿ ತಪ್ಪಿಸ್ಕೊಂಡು ಒಬ್ಬ ವಯಸ್ಸಾದೋರ ಜೀಪ್ ಹತ್ತುತ್ತಾನೆ, ಇಲ್ಲಿಗೆ ಬಾಯಿ ಮುಚ್ಚಬೇಕು. ಒಂದಲ್ಲಾ ಎರಡಲ್ಲಾ, ಅದೇ ಡಿ. ಸತ್ಯಪ್ರಕಾಶ್ ಡೈರೆಕ್ಷನ್ನು, 2018, ಒಬ್ಬ ಪುಟ್ಟ ಹುಡುಗ ಕಳೆದು ಹೋದ ಹಸು ಹುಡುಕ್ಕೊಂಡು ಹೊರಡ್ತಾನೆ, ಮುಗೀತು.

ಇದನ್ನ ಪಾಲಿಸೋದು ಕಷ್ಟ, ನಂಗೊತ್ತು. ನಂಗೆ ಒಂದು ತಮಿಳ್ ಸಿನಿಮಾ ಮೇಲೆ ಹುಚ್ಚು ಪ್ರೀತಿ, ಮೇರ್ಕು ತೊಡರ್ಚಿ ಮಲೈ, ಲೆನಿನ್ ಭಾರತಿ ಮಾಡಿದ್ದು, 2018, ಇಳಯರಾಜಾ ಮ್ಯೂಸಿಕ್ಕು, ತಮಿಳ್ನಾಡು ಕೇರಳ ಗಡಿ ಗುಡ್ಡಗಳಲ್ಲಿ ಏಲಕ್ಕಿ ಮೂಟೆ ಹೊತ್ತು ಇಳಿಯೋ ಒಬ್ಬ ಕೂಲಿ, ಅವ್ನಿಗೆ ಸ್ವಂತಕ್ಕೆ ಒಂದು ತುಂಡು ಜಾಗ ಬೇಕು, ಅದೇ ಕಥೆ. ಏಲಕ್ಕಿ ವಾಸನೆ ಗೊತ್ತಿರೋ, ತೋಟದ ಕೆಲಸ ಗೊತ್ತಿರೋ ಕೊಡಗಿನೋರು ಇದನ್ನ ನೋಡ್ದೇ ಇರೋದು ನಂಗೆ ಹೊಟ್ಟೆ ಉರಿ. ನಮ್ಮ ತೋಟದ ರೈಟರ್ ಅಣ್ಣ, ಅಂದ್ರೆ ತೋಟದ ಲೆಕ್ಕ ಬರೆಯೋರು, ತಮಿಳ್ನವ್ರು, ಅವ್ರಿಗೆ ಹೇಳ್ತಾ ಹೇಳ್ತಾ ಖುಷಿಲಿ ಎಲ್ಲಾ ಹೇಳ್ಬಿಟ್ಟೆ, ಕೊನೆ ಸೀನ್ ತನಕ. ಅವ್ರು ಪೂರ್ತಿ ಕೇಳಿ "ಚೆನ್ನಾಗಿದೆ ಸರ್" ಅಂದ್ರು. ನೋಡಿದ್ರಾ ಅಂತ ವಾರ ಬಿಟ್ಟು ಕೇಳಿದ್ರೆ "ಅದೇ ನೀವು ಹೇಳಿದ್ರಲ್ಲ ಸರ್" ಅಂದ್ರು. ಹಾಳು ಬಾಯಿ ನಂದು. ಆ ಗುಡ್ಡದ ಇಬ್ಬನಿ, ಆ ಕಾಲುದಾರಿ, ಅದನ್ನ ಬಾಯಲ್ಲಿ ಹೇಳೋಕಾಗುತ್ತಾ?

ನಾಲ್ಕು ಭಾಷೆ ಮನೆಗೆ ಯಾವ್ದು

ಇದು ನಮ್ಮ ಕೊಡಗಿನ ಸ್ಪೆಷಲ್ ತಲೆನೋವು. ಒಂದೇ ಹಜಾರದಲ್ಲಿ ಕೊಡವ ತಕ್ಕ್ ಮಾತಾಡೋರು, ಅರೆಭಾಷೆಯೋರು, ಮಲಯಾಳಂ, ತಮಿಳು, ತುಳು, ಬ್ಯಾರಿ, ಎಲ್ರೂ ಇರ್ತಾರೆ. ಕಾಫಿ ಕೊಯ್ಲಿನ ಟೈಮಲ್ಲಿ ಇವ್ರ ಜೊತೆ ಅಸ್ಸಾಂ ಹುಡುಗ್ರು. ಸಬ್‌ಟೈಟಲ್ ಹಾಕಿದ್ರೆ ಓದೋಕೆ ಬರೋರು ಇಬ್ರು ಮೂರು ಜನ. ಅಂಥ ಕಡೆ ನಂಗೆ ಗೊತ್ತಿರೋ ಒಂದೇ ಔಷಧಿ ಆ 1987ರ ಪುಷ್ಪಕ ವಿಮಾನ. ಯಾಕಂದ್ರೆ ಅದ್ರಲ್ಲಿ ಮಾತೇ ಇಲ್ಲ. ಸದ್ದಿದೆ, ಮ್ಯೂಸಿಕ್ಕಿದೆ, ಸಿನಿಮಾ ಪೂರ್ತಿ ಒಂದೇ ಒಂದು ಡೈಲಾಗಿಲ್ಲ.

ಈಗ್ಗೆ ಮೂರು ವರ್ಷದ ಹಿಂದೆ ಜನವರಿಲಿ, ಕೊಯ್ಲು ಅರ್ಧ ಆಗಿತ್ತು, ಅಕ್ಕನ ಮಗ ಒಂದು ಸಣ್ಣ ಪ್ರೊಜೆಕ್ಟರ್ ತಂದಿದ್ದ. ಕಣದ ಒಂದು ಮೂಲೆಲಿ ಕಾಫಿ ರಾಶಿ ಮೇಲೆ ಟಾರ್ಪಾಲು ಹೊದಿಸಿ, ಶೆಡ್ ಗೋಡೆಗೆ ಅಜ್ಜಿದು ಬಿಳಿ ಬೆಡ್‌ಶೀಟ್ ಕಟ್ಟಿ, ಮುಂದೆ ಬೆಂಕಿ ಹಾಕಿ ಕೂತ್ವಿ. ಅಜ್ಜಿಗೆ ಕುರ್ಚಿ, ಟೈಲ್ಸ್ ಕೆಲಸಕ್ಕೆ ಬಂದಿದ್ದ ಕಣ್ಣೂರಿನ ಮೇಸ್ತ್ರಿ, ರೈಟರ್ ಅಣ್ಣನ ಸಂಸಾರ, ಕೂಲಿಯವ್ರ ಲೈನ್ ಮನೆಯಿಂದ ಅಸ್ಸಾಂನ ಆರು ಹುಡುಗ್ರು ಕಂಬಳಿ ಸುತ್ಕೊಂಡು. ಕೆಲಸ ಇಲ್ದೆ ಅಲೆಯೋ ಹುಡುಗ ಒಬ್ಬ ಶ್ರೀಮಂತನ ಜಾಗದಲ್ಲಿ ಫೈವ್‌ಸ್ಟಾರ್ ಹೋಟೆಲ್ ಸೇರ್ಕೊತಾನೆ. ಮೆತ್ತಗಿರೋ ಹಾಸಿಗೆ, ಏಸಿ, ಎಲ್ಲಾ ಇದೆ, ನಿದ್ದೆ ಮಾತ್ರ ಬರಲ್ಲ, ಯಾಕಂದ್ರೆ ಅವ್ನು ಇದ್ದ ಹಳೇ ರೂಮು ಟಾಕೀಸ್ ಪಕ್ಕ, ದಿನಾ ಆ ಫೈಟಿಂಗ್ ಸೌಂಡ್ ಕೇಳ್ಕೊಂಡೇ ಮಲಗಿ ಅಭ್ಯಾಸ. ವಾಪಸ್ ಹೋಗಿ ಆ ಗಲಾಟೆನ ಟೇಪ್‌ರೆಕಾರ್ಡರಲ್ಲಿ ತುಂಬ್ಕೊಂಡು ಬಂದು ಹೋಟೆಲ್ ರೂಮಲ್ಲಿ ಹಾಕ್ಕೊಂಡು ಆರಾಮಾಗಿ ಮಲಗ್ತಾನೆ. ಅಸ್ಸಾಂ ಹುಡುಗ್ರು ಬಿದ್ದು ಬಿದ್ದು ನಕ್ರು. ಅವ್ರಲ್ಲಿ ಸ್ವಲ್ಪ ಹಿಂದಿ ಬರೋನು ಒಬ್ಬ, ಇಲ್ಲಿಗೆ ಬಂದ ಮೊದಲ ವಾರ ಈ ಜೀರುಂಡೆ ಸದ್ದಿಗೆ ನಂಗೂ ನಿದ್ದೆ ಬಂದಿರ್ಲಿಲ್ಲ, ಈಗ ಊರಿಗೆ ಹೋದ್ರೆ ಇದಿಲ್ದೆ ಬರಲ್ವೇನೋ ಅಂದ. ಬೆಂಗಳೂರಲ್ಲಿರೋ ನನ್ನ ತಮ್ಮ ನಮ್ಮನೆ ಶೀಟಿನ ಮೇಲೆ ಬೀಳೋ ಮಳೆ ಸೌಂಡ್ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಹೋಗಿದಾನೆ, ದಿನಾ ಹಾಕ್ಕೊಂಡು ಮಲಗ್ತಾನೆ. ಅದನ್ನ ನಾನು ಹೇಳಿದ್ದು, ಹಿಂದಿಲಿ ಒಬ್ಬ ಹೇಳಿದ್ದು, ಮೇಸ್ತ್ರಿ ಮಲಯಾಳಂ ಬೆರೆಸಿ ಅಜ್ಜಿಗೆ ವಿವರಿಸಿದ್ದು, ಸಿನಿಮಾಗಿಂತ ಅದೇ ಜೋರಾಯ್ತು. ಆಮೇಲೆ ಐಸಲ್ಲಿ ಮಾಡಿದ ಚಾಕು ಹಿಡ್ಕೊಂಡು ಕೊಲ್ಲೋಕೆ ಬರೋನು ಬಂದಾಗ ಎಲ್ರೂ ಮತ್ತೆ ಸ್ಕ್ರೀನ್ ಕಡೆ ತಿರುಗಿದ್ರು.

ಎಚ್ಚರಿಕೆ ಸಾಲು: ಊಟ ಮಾಡ್ತಾ ನೋಡ್ಬೇಡಿ. ಗಿಫ್ಟ್ ಪಾರ್ಸೆಲ್‌ದೊಂದು ಜೋಕಿದೆ. ನಮ್ಮಜ್ಜಿ ಕಡಂಬುಟ್ಟು ತಟ್ಟೆ ಕೆಳಗಿಟ್ಟುಬಿಟ್ರು.

ಕರೆಂಟು, ನೆಟ್ಟು

ಬೆಂಗಳೂರಿನೋರಿಗೆ ಹೇಳೋ ಹಾಗೆ ಇಲ್ಲಿ "ಇವತ್ತು ರಾತ್ರಿ ನೋಡು" ಅನ್ನೋಕಾಗಲ್ಲ. ಜುಲೈಲಿ ಒಂದು ಮರ ಲೈನ್ ಮೇಲೆ ಬಿದ್ರೆ ಮೂರು ದಿನ ಕರೆಂಟಿಲ್ಲ, ಟವರ್ ಬ್ಯಾಟರಿ ಮುಗಿದ್ರೆ ನೆಟ್‌ವರ್ಕೂ ಇಲ್ಲ. ಅದಕ್ಕೇ ಮೇ ಕೊನೆ ಒಳಗೇ ಹೇಳ್ಬೇಕು, ಹೇಳುವಾಗ್ಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ ಅನ್ಬೇಕು. ಪೇಟೆಗೆ ಹೋದಾಗ ಯಾರ್ದಾದ್ರೂ ವೈಫೈ ಇರೋ ಮನೇಲಿ ಕೂತು ಇಳಿಸ್ಕೊಂಡ್ರೆ ಆಯ್ತು, ಮೀಡಿಯಂ ಕ್ವಾಲಿಟಿ ಸಾಕು, ಫೋನ್ ಸ್ಕ್ರೀನಿಗೆ ಅದಕ್ಕಿಂತ ಜಾಸ್ತಿ ದಂಡ. ಇನ್ನೊಂದು ವಿಷಯ, ಕೆಲವು ಆಪಲ್ಲಿ ಪ್ಲೇ ಒತ್ತಿದ ಮೇಲೆ 48 ಗಂಟೆ ಒಳಗೆ ಮುಗಿಸ್ಬೇಕು, ಇಲ್ಲಾಂದ್ರೆ ಡೌನ್‌ಲೋಡ್ ಲಾಕ್ ಆಗುತ್ತೆ. ಸುಮ್ಮನೆ ಚೆಕ್ ಮಾಡೋಣ ಅಂತ ಎರಡು ನಿಮಿಷ ಓಡಿಸಿ ಬಿಟ್ರೋ, ಕರೆಂಟ್ ಹೋದ ದಿನ ಕೈಗೆ ಚಿಪ್ಪು.

ಯಾವ ಆಪಲ್ಲಿದೆ ಅಂತ ಹೇಳೋ ಮುಂಚೆ ಅದೇ ದಿನ ಒಂದ್ಸಲ ಹುಡ್ಕಿ ನೋಡಿ, ಇವತ್ತು ಇದ್ದದ್ದು ನಾಳೆ ಇರಲ್ಲ. ಹಳೇ ಕನ್ನಡ ಸಿನಿಮಾ ಎಷ್ಟೋ ಯೂಟ್ಯೂಬಲ್ಲಿ ಕಂಪನಿಯವ್ರೇ ಹಾಕಿರ್ತಾರೆ, ಅದ್ರಲ್ಲೂ ಎರಡು ಮೂರು ಪ್ರಿಂಟ್ ಇರುತ್ತೆ. ಅಗಲ ಎಳೆದು ಮುಖ ಎಲ್ಲಾ ಕುಂಬಳಕಾಯಿ ಥರ ಮಾಡಿರೋದು, ತಲೆ ಕಟ್ ಆಗಿರೋದು, ಹಾಡು ಕಿತ್ತು ಹಾಕಿರೋದು. ಸರಿಯಾಗಿರೋದನ್ನ ಹುಡ್ಕಿ ಆ ಲಿಂಕ್ ಕಳಿಸಿ, ಕಪ್ಪುಬಿಳುಪಿನ ಸಿನಿಮಾ ಇಷ್ಟ ಇಲ್ಲ ಅನ್ನೋರಲ್ಲಿ ಅರ್ಧ ಜನ ಕೆಟ್ಟ ಪ್ರಿಂಟ್ ನೋಡಿ ಹಂಗೆ ಅನ್ನೋದು.

ಟೆಲಿಗ್ರಾಂ ಲಿಂಕು, ಥಿಯೇಟರಲ್ಲಿ ಯಾರೋ ಕದ್ದು ಶೂಟ್ ಮಾಡಿದ ಪ್ರಿಂಟು ಇವನ್ನ ಫಾರ್ವರ್ಡ್ ಮಾಡ್ಬೇಡಿ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಹಂಗೆ ಕದ್ದು ರೆಕಾರ್ಡ್ ಮಾಡಿದ್ರೆ ಕನಿಷ್ಠ ಮೂರು ತಿಂಗಳು ಜೈಲು, ಕನಿಷ್ಠ 3 ಲಕ್ಷ ದಂಡ ಅಂತ ಆಗಿದೆ. ಕಾನೂನು ಒಂದು ಕಡೆ ಇರ್ಲಿ, ಅಂಡರ್‌ರೇಟೆಡ್ ಸಿನಿಮಾ ಪಾಪ ಯಾರೂ ನೋಡ್ಲಿಲ್ಲ ಅಂತ ಮರುಗಿ ಅದ್ರದ್ದೇ ಕದ್ದ ಕಾಪಿ ಹಂಚೋದು ಯಾವ ನ್ಯಾಯ ಮಾರಾಯ್ರೆ. ತೇಜಸ್ವಿ ಕಥೆಯ ಡೇರ್‌ಡೆವಿಲ್ ಮುಸ್ತಫಾಗೆ ಅವ್ರ ಓದುಗರೇ ನೂರು ಜನ ಸೇರಿ ದುಡ್ಡು ಹಾಕಿದ್ರು, ಅಂಥದ್ದನ್ನ ಫ್ರೀ ಲಿಂಕಲ್ಲಿ ನೋಡೋಕೆ ನಂಗೆ ಮನಸ್ಸು ಬರ್ಲಿಲ್ಲ.

"ಕೊಡಗಿನ ಸಿನಿಮಾ ಯಾವ್ದಾದ್ರೂ ಹೇಳಿ" ಅಂದ್ರೆ

ಟೂರಿಸ್ಟ್‌ಗಳು ಕೇಳೋದು ಇದನ್ನೇ. ಮುಂಗಾರು ಮಳೆ ಅವ್ರೇ ನೋಡಿರ್ತಾರೆ. ನಾನು ಹೇಳೋದು ಮುತ್ತಿನ ಹಾರ, 1990, ರಾಜೇಂದ್ರ ಸಿಂಗ್ ಬಾಬು. ಸಿಪಾಯಿ ಅಚ್ಚಪ್ಪನಾಗಿ ವಿಷ್ಣುವರ್ಧನ್, ನರ್ಸ್ ಆಗಿ ಸುಹಾಸಿನಿ. ಈಗಿನ ಹುಡುಗ್ರಿಗೆ ಹಂಸಲೇಖ ಹಾಡು ಗೊತ್ತು, ಬಾಲಮುರಳಿಕೃಷ್ಣ ಹಾಡಿರೋ ದೇವರು ಹೊಸೆದ ಪ್ರೇಮದ ದಾರ ಗೊತ್ತು, ಸಿನಿಮಾ ನೋಡಿಲ್ಲ. ಮಿಲಿಟರಿ ಮನೆಯೋರಿಗೆ ಹೇಳುವಾಗ ಮಾತ್ರ ಸ್ವಲ್ಪ ನೋಡ್ಕೊಂಡು ಹೇಳಿ, ನಮ್ಮ ಕಡೆ ಆ ಥರದ ಮನೆ ಕಮ್ಮಿ ಇಲ್ಲ, ಗೋಡೆ ಮೇಲೆ ಯೂನಿಫಾರ್ಮ್ ಫೋಟೋಗೆ ಹಾರ ಇರೋ ಮನೇಲಿ ಅದನ್ನ ನೋಡೋದು ಬೇರೆನೇ.

ಎಡಕಲ್ಲು ಗುಡ್ಡದ ಮೇಲೆ ಕೂಡ ನಮ್ಮ ಪಟ್ಟಿಗೇ ಸೇರುತ್ತೆ, ಗುಡ್ಡ ವಯನಾಡಿಂದು, ಆದ್ರೆ ಕಾದಂಬರಿ ಬರೆದ ಭಾರತೀಸುತ ಕೊಡಗಿನೋರು. ಸೈನಿಕನ ಹೆಂಡತಿಯ ಕಥೆ, 1973ರಲ್ಲೇ ಪುಟ್ಟಣ್ಣ ಹೆಂಗೆ ಧೈರ್ಯ ಮಾಡಿದ್ರೋ. ಮಾವನ ಎದುರು ಕೂತು ನೋಡೋಕೆ ಮುಜುಗರ ಆಗುತ್ತೆ, ಬೇರೆ ರೂಮಲ್ಲಿ ನೋಡಿ. ಕೊಡವ ತಕ್ಕ್‌ನ ಮೊದಲ ಸಿನಿಮಾ ನಾಡ ಮಣ್ಣ್ ನಾಡ ಕೂಳ್, 1972ರದ್ದು, ಹಿರಿಯರ ಹತ್ರ ಅದ್ರ ಬಗ್ಗೆ ಕೇಳಿ ನೋಡಿ, ಸಿನಿಮಾಗಿಂತ ನೋಡೋಕೆ ಹೋದ ಕಥೆನೇ ಒಂದು ಗಂಟೆ ಹೇಳ್ತಾರೆ. ಇನ್ನು 2025ರ ಹಿಂದಿ ಸ್ಕೈ ಫೋರ್ಸ್. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋಗಿ ವಾಪಸ್ ಬರದೇ ಇದ್ದ ನಮ್ಮ ಕೊಡಗಿನ ಪೈಲಟ್ ಅಜ್ಜಮಾಡ ದೇವಯ್ಯ ಅವ್ರ ಕಥೆಯಿಂದ ತಗೊಂಡಿದ್ದು, ಹೆಸರು ಮಾತ್ರ ಬದಲಾಯ್ಸಿದಾರೆ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, ಅದೂ ಇಪ್ಪತ್ಮೂರು ವರ್ಷ ಆದ್ಮೇಲೆ. ಈ ಸಿನಿಮಾ ಹೇಳೋರು ಮೊದ್ಲು ದೇವಯ್ಯ ಅವ್ರ ಹೆಸರು ಹೇಳಿ, ಆಮೇಲೆ ಸಿನಿಮಾ ಹೆಸರು ಹೇಳಿ.

ಹೇಳಿ ಆದ್ಮೇಲೆ

ಬೆನ್ನು ಹತ್ಬೇಡಿ. ಒಂದೇ ಒಂದು ಸಲ ಕೇಳಿ, ಅದೂ ಹದಿನೈದು ದಿನ ಬಿಟ್ಟು. ಅವ್ರು ನೋಡುವಾಗ ಪಕ್ಕದಲ್ಲಿ ಕೂತು "ಈಗ ನೋಡು, ಈಗ ಬರುತ್ತೆ" ಅನ್ಬೇಡಿ, ನನ್ನ ಹೆಂಡ್ತಿ ಈ ಕಾರಣಕ್ಕೆ ನನ್ನನ್ನ ಎರಡು ಸಲ ಅಡುಗೆ ಮನೆಗೆ ಓಡ್ಸಿದಾಳೆ. ಇಷ್ಟ ಆಗ್ಲಿಲ್ಲ ಅಂದ್ರೆ ವಾದ ಮಾಡ್ಬೇಡಿ, ಎಲ್ಲಿಗೆ ನಿಲ್ಸಿದ್ರಿ ಅಂತ ಕೇಳಿ ಸಾಕು. ಇಪ್ಪತ್ತನೇ ನಿಮಿಷಕ್ಕೆ ನಿಲ್ಸಿದ್ರೆ ನೀವು ಆರಿಸಿದ್ದು ತಪ್ಪು, ಇಂಟರ್‌ವಲ್ ಆದ್ಮೇಲೆ ನಿಲ್ಸಿದ್ರೆ ಬಹುಶಃ ನಿದ್ದೆ, ಪೂರ್ತಿ ನೋಡಿ ಬೈದ್ರೆ ಅವ್ರಿಗೆ ಇನ್ನೊಂದು ಹೇಳ್ಬೋದು, ಅವ್ರು ಒಳ್ಳೆ ಗಿರಾಕಿ. ಇದನ್ನೆಲ್ಲಾ ಅದೇ ನೋಟ್‌ಬುಕ್ಕಲ್ಲಿ ಹೆಸರಿನ ಮುಂದೆ ಬರ್ಕೊಳ್ಳಿ. ನಂದ್ರಲ್ಲಿ "ಸೋದರತ್ತೆ, ತಬರನ ಕಥೆ, ಪೂರ್ತಿ, ಅತ್ರು, ನಂಗೆ ಬೈದ್ರು, ಆಮೇಲೆ ಇನ್ನೊಂದು ಕೇಳಿದ್ರು" ಅಂತ ಒಂದು ಸಾಲಿದೆ.

ಮತ್ತೆ ಅವ್ರು ಹೇಳಿದ್ದನ್ನ ನೀವೂ ನೋಡ್ಬೇಕು, ಬರೀ ಕೊಡೋ ಕೈ ಆದ್ರೆ ಕೊನೆಗೆ ಯಾರೂ ನಿಮ್ಮ ಮೆಸೇಜ್ ತೆಗೆಯಲ್ಲ. ಆ ಅತ್ತೆ ನಂಗೆ ಒಂದು ಮೂರೂಕಾಲು ಗಂಟೆ ಭಕ್ತಿ ಸಿನಿಮಾ ಹೇಳಿದಾರೆ, ಕೈಲ್‌ಪೊಳ್ದ್ ಹಬ್ಬಕ್ಕೆ ಬಂದಾಗೊಂದ್ಸಲ, ಪುತ್ತರಿ ಹಬ್ಬಕ್ಕೆ ಬಂದಾಗೊಂದ್ಸಲ ನೋಡಿದ್ಯಾ ಅಂತ ಕೇಳಿದ್ರು. ಡೌನ್‌ಲೋಡ್ ಮಾಡಿಟ್ಟಿದೀನಿ, ಪ್ಲೇ ಇನ್ನೂ ಒತ್ತಿಲ್ಲ, ಒತ್ತಿದ್ರೆ 48 ಗಂಟೆ ಶುರುವಾಗುತ್ತಲ್ಲ. ಹೊರಗೆ ಗಾಳಿ ಏಳ್ತಾ ಇದೆ, ಲೈಟು ಒಂದೆರಡು ಸಲ ಪಕಪಕ ಅಂತು, ಬಹುಶಃ ಇವತ್ತೇ.